ಡಿಗ್ರಿ ಮುಗಿಯಿತು, ರಾಜಕೀಯಕ್ಕೆ ಬರಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಹಿನ್ನೀರಿನ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು. ವಯಸ್ಸು 22. ಈ ವರ್ಷ ಬಿ.ಕಾಂ. ಮುಗಿಯಿತು. ಮನೆಯಲ್ಲಿ ಯಾರೂ ರಾಜಕೀಯದ ಕಡೆ ತಲೆ ಹಾಕಿದವರಲ್ಲ. ಎರಡು ಎಕರೆ ಅಡಿಕೆ ತೋಟ ಇದೆ. ಅದಕ್ಕೂ ಎಲೆಚುಕ್ಕಿ ರೋಗ ಬಿದ್ದಿದೆ. ಬ್ಯಾಂಕ್ ಪರೀಕ್ಷೆಗೆ ಕೂರು ಅಂತ ಅಪ್ಪ ದಿನಾ ಹೇಳುತ್ತಾರೆ.

ನನಗೆ ಈ ಆಸೆ ಸುಮ್ನೆ ಬಂದದ್ದಲ್ಲ. ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ಗದ್ದೆ, ದೇವಸ್ಥಾನ ಎಲ್ಲ ಬಿಟ್ಟು ಅಜ್ಜ ಕಾಡಿನ ಅಂಚಿಗೆ ಬಂದು ಕೂತರು. ಅರವತ್ತು ವರ್ಷ ದಾಟಿತು. ನಾವು ಕೂತಿರುವ ಆ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲ. ಅಜ್ಜ ಬರೆದ ಅರ್ಜಿಗಳೆಲ್ಲ ಒಂದು ಟ್ರಂಕಿನಲ್ಲಿವೆ. ಅವರು ತೀರಿಕೊಂಡ ಮೇಲೆ ಆ ಟ್ರಂಕು ನನ್ನ ಮಂಚದ ಕೆಳಗೆ ಬಂದಿದೆ. ಪ್ರತಿ ಚುನಾವಣೆಯಲ್ಲೂ ಎಲ್ಲರೂ ಬಂದು ಇದೇ ವಿಷಯ ಮಾತಾಡಿ ಹೋಗುತ್ತಾರೆ.

ಈಗ ನನ್ನ ಪ್ರಶ್ನೆಗಳು. ಮೊದಲು ಯಾವುದಾದರೂ ಪಕ್ಷ ಸೇರಬೇಕಾ? ಎಲ್‌ಎಲ್‌ಬಿ ಮಾಡಲಾ? ಶಾಸಕರ ಜೊತೆ ಓಡಾಡಬೇಕಾ? ದುಡ್ಡಿಲ್ಲದವರಿಗೆ ಇಲ್ಲಿ ಜಾಗ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬೂತ್ ಕಾರ್ಯಕರ್ತ, ದಾವಣಗೆರೆ:

ತಮ್ಮಾ, ಮೊದಲು ವಯಸ್ಸಿನ ಲೆಕ್ಕ ಹೇಳಿಬಿಡುತ್ತೇನೆ. ಗ್ರಾಮ ಪಂಚಾಯಿತಿಗೆ ನಿಲ್ಲಲು 21 ಆಗಿರಬೇಕು. ವಿಧಾನಸಭೆ, ಲೋಕಸಭೆಗೆ 25. ವಿಧಾನ ಪರಿಷತ್ತು, ರಾಜ್ಯಸಭೆಗೆ 30. ನಿನಗೆ ಇವತ್ತು ತೆರೆದಿರುವುದು ಊರಿನ ಬಾಗಿಲು ಮಾತ್ರ. ಅದು ಒಳ್ಳೆಯದೇ ಆಯ್ತು ಅಂತ ನಾನು ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷದಿಂದ ಬೂತ್ ಕೆಲಸ ಮಾಡುತ್ತಿದ್ದೇನೆ. ಪಕ್ಷದ ಹೆಸರು ಇಲ್ಲಿ ಬೇಡ. ಯಾವ ಪಕ್ಷದಲ್ಲೇ ಆಗಲಿ, ಕೆಲಸ ಕಲಿಯುವ ಜಾಗ ಬೂತ್. ವೇದಿಕೆ ಹತ್ತಿದವರಿಗಿಂತ ಮತದಾರರ ಪಟ್ಟಿ ಬಾಯಿಪಾಠ ಇರುವವನಿಗೆ ಬೆಲೆ ಜಾಸ್ತಿ. ಒಂದು ಬೂತಿಗೆ ಸುಮಾರು ಸಾವಿರ ಮತದಾರರು. ಯಾರು ಮದುವೆಯಾಗಿ ಬೇರೆ ಊರಿಗೆ ಹೋದರು, ಯಾರು ತೀರಿಕೊಂಡರು, ಯಾವ ಮನೆಯ ಮಗುವಿಗೆ ಹದಿನೆಂಟು ತುಂಬಿತು, ಇಷ್ಟು ಗೊತ್ತಿರಬೇಕು. ಹೆಸರು ಸೇರಿಸಲು ಫಾರಂ 6. ಹದಿನೆಂಟು ತುಂಬಿತಾ ಅಂತ ನೋಡಲು ಮೊದಲು ಜನವರಿ 1 ಒಂದೇ ಲೆಕ್ಕದ ದಿನ ಆಗಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ನಾಲ್ಕು ತಿಂಗಳ ಒಂದನೇ ತಾರೀಕು ಲೆಕ್ಕಕ್ಕೆ ಬರುತ್ತದೆ. ನಿಮ್ಮೂರಿನ ಹದಿನೆಂಟರ ಹುಡುಗ ಹುಡುಗಿಯರಿಗೆ ಇದನ್ನು ಮಾಡಿಸಿಕೊಡು. ಯಾರ ಅಪ್ಪಣೆಯೂ ಬೇಡ.

ಒಂದು ಸಲ ಪೋಲಿಂಗ್ ಏಜೆಂಟ್ ಆಗಿ ಕೂತು ನೋಡು. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರೇ ಕನಿಷ್ಠ 50 ಓಟು ಹಾಕಿ ಯಂತ್ರ ಪರೀಕ್ಷೆ ಮಾಡುತ್ತಾರೆ. ಆಮೇಲೆ ಆ ಓಟು ಅಳಿಸಿ ಸೀಲ್ ಮಾಡುತ್ತಾರೆ. ಸಂಜೆ ಎಷ್ಟು ಓಟು ಬಿತ್ತು ಅನ್ನುವ ಲೆಕ್ಕ 17ಸಿ ಫಾರಂನಲ್ಲಿ ಇರುತ್ತದೆ. ಅದರ ಪ್ರತಿ ಇಸ್ಕೊಂಡೇ ಹೊರಗೆ ಬರಬೇಕು. ಎಷ್ಟೋ ಹುಡುಗರು ಮಧ್ಯಾಹ್ನ ಊಟಕ್ಕೆ ಎದ್ದು ಹೋದವರು ವಾಪಸ್ ಬರುವುದೇ ಇಲ್ಲ. ಕೊನೆಯವರೆಗೆ ಕೂತವನ ಹೆಸರು ನಾಯಕರಿಗೆ ನೆನಪಿರುತ್ತದೆ.

ಪಂಚಾಯಿತಿ ಸದಸ್ಯೆ, ಹಾಸನ ಕಡೆ:

ತಮ್ಮಾ, ನಿನ್ನ ಟ್ರಂಕಿನ ಮಾತು ಓದಿ ಬರೆಯಲೇಬೇಕು ಅನ್ನಿಸಿತು.

ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವಳು. ಆಗ ನನಗೆ 23. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ನಮ್ಮ ವಾರ್ಡಿನಲ್ಲಿ ಒಂದು ಸ್ಥಾನ ಮಹಿಳೆಗೆ ಮೀಸಲಾಯಿತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೇ ಇದೆ. ಊರಿನ ಹಿರಿಯರು ಅಮ್ಮನನ್ನು ನಿಲ್ಲಿಸೋಣ ಅಂದರು. ಅಮ್ಮ ನನ್ನ ಕಡೆ ತೋರಿಸಿದರು. ಠೇವಣಿ ಸಾಮಾನ್ಯರಿಗೆ ಇನ್ನೂರು, ಹೆಂಗಸರಿಗೆ ನೂರು ರೂಪಾಯಿ. ಪಕ್ಷದ ಚಿಹ್ನೆ ಇಲ್ಲ, ಆದ್ದರಿಂದ ಪಕ್ಷ ಟಿಕೆಟ್ ಕೊಟ್ಟಿದೆ ಅನ್ನುವ ಬಿ ಫಾರಂಗೆ ಯಾರ ಮನೆ ಬಾಗಿಲನ್ನೂ ತಟ್ಟಬೇಕಿಲ್ಲ. ಆಯೋಗ ಕೊಡುವ ಚಿಹ್ನೆ ಹಿಡಿದು ಹೋಗಬೇಕು. ನಮ್ಮಲ್ಲಿ ಚೀಟಿಯ ಮತದಾನ. 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನುವ ಲೆಕ್ಕ. ಅಂದರೆ ನೀನು ಮುಖ ನೋಡಿ ಮಾತಾಡಿಸಬಹುದಾದಷ್ಟೇ ಜನ. ನಾನು ಒಂಬತ್ತು ಓಟಿನಲ್ಲಿ ಗೆದ್ದೆ. ಆ ಒಂಬತ್ತು ಜನ ಯಾರಿರಬಹುದು ಅಂತ ಈಗಲೂ ಯೋಚನೆ ಬರುತ್ತದೆ.

ಗೆದ್ದ ಮೇಲೆ ಮೊದಲ ಆರು ತಿಂಗಳು ಕಷ್ಟ ಆಯಿತು. ಮೊದಲ ಸಭೆಗೆ ಹೋದರೆ ಮೂರು ಜನ ಸದಸ್ಯೆಯರ ಜಾಗದಲ್ಲಿ ಅವರ ಗಂಡಂದಿರು ಕೂತಿದ್ದರು. ನನಗೂ "ನಿಮ್ಮಪ್ಪ ಬರಲಿಲ್ವಾ?" ಅಂತ ಕೇಳಿದರು. ನಾನು ಏನೂ ಹೇಳದೆ ನಡಾವಳಿ ಪುಸ್ತಕ ತರಿಸಿ, ಹಿಂದಿನ ಸಭೆಯ ನಿರ್ಣಯಗಳನ್ನು ಓದಿದೆ. ಎರಡು ಕೆಲಸಕ್ಕೆ ಬಿಲ್ ಆಗಿತ್ತು, ಜಾಗದಲ್ಲಿ ಕೆಲಸ ಅರ್ಧ ಇತ್ತು. ಅದನ್ನು ಕೇಳಿದೆ. ಮುಂದಿನ ಸಭೆಯಿಂದ ಅಪ್ಪನನ್ನು ಯಾರೂ ಕೇಳಲಿಲ್ಲ.

ನಿನಗೆ ನಾನು ಹೇಳುವುದು ಇಷ್ಟೇ. ಕಾಗದ ಓದುವುದನ್ನು ಕಲಿ. ನೀನು ಬಿ.ಕಾಂ. ಮಾಡಿದ್ದೀಯ, ಲೆಕ್ಕ ಗೊತ್ತು. ಹಳ್ಳಿಯಲ್ಲಿ ಅದಕ್ಕಿಂತ ದೊಡ್ಡ ಬಲ ಇಲ್ಲ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪಂಚಾಯಿತಿಯ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷ ಎಷ್ಟು ದುಡ್ಡು ಬಂತು, ಎಲ್ಲಿ ಹೋಯಿತು ಅನ್ನುವುದನ್ನು ಜನರ ಎದುರು ಇಡಬೇಕು. ಕಡತ ನೋಡಬಹುದು, ಪ್ರಶ್ನೆ ಕೇಳಬಹುದು. ನಮ್ಮ ಪಂಚಾಯಿತಿಯಲ್ಲಿ ಮೊದಲ ವರ್ಷ ಜಮಾಬಂದಿಗೆ ಬಂದವರು ಏಳು ಜನ. ಅದರಲ್ಲಿ ನಾಲ್ಕು ಜನ ಸಿಬ್ಬಂದಿ.

ವಾರ್ಡ್ ಸಭೆಯಲ್ಲಿ ಬೇಡಿಕೆ ಬರಬೇಕು, ಅದು ಗ್ರಾಮ ಸಭೆಗೆ ಹೋಗಬೇಕು, ಅಲ್ಲಿಂದ ಕ್ರಿಯಾ ಯೋಜನೆಗೆ ಸೇರಬೇಕು. ಯೋಜನೆಯಲ್ಲಿ ಸೇರದ ಚರಂಡಿಗೆ ದುಡ್ಡು ಬರುವುದಿಲ್ಲ. ಊರಿನವರಿಗೆ ಈ ದಾರಿ ಗೊತ್ತಿಲ್ಲದೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆ ಜಗಳ ಆಡುತ್ತಾರೆ. ನೀನು ಆ ದಾರಿ ತೋರಿಸುವವನಾದರೆ ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಸದಸ್ಯ ಆಗುವವರೆಗೆ ಕಾಯಬೇಕಿಲ್ಲ.

ಗೆದ್ದವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ಕಡೆಯಿಂದ ತರಬೇತಿ ಇರುತ್ತದೆ. ತಪ್ಪಿಸಿಕೊಳ್ಳಬೇಡ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ನಜೀರ್ ಸಾಬ್ ಅವರನ್ನು ನಮ್ಮ ಕಡೆ ಹಿರಿಯರು ಈಗಲೂ ನೀರ್ ಸಾಬ್ ಅಂತಲೇ ನೆನೆಯುತ್ತಾರೆ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದವರು. ನಮ್ಮ ಕೈಗೆ ಇಷ್ಟು ಅಧಿಕಾರ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ಒಂದು ಕಷ್ಟದ ವಿಷಯವನ್ನೂ ಹೇಳುತ್ತೇನೆ. ನೀನು ಐದು ವರ್ಷ ಕೆಲಸ ಮಾಡಿದ ವಾರ್ಡಿನ ಮೀಸಲಾತಿ ಚುನಾವಣೆ ಹೊತ್ತಿಗೆ ಬದಲಾಗಬಹುದು. ಆಗ ನಿಲ್ಲಲು ಆಗುವುದಿಲ್ಲ. ಅದಕ್ಕೆ ಮನಸ್ಸು ಗಟ್ಟಿ ಇರಬೇಕು. ನನ್ನ ಅವಧಿಯೂ ಐದೇ ವರ್ಷ. ಮುಂದಿನ ಸಲ ನನ್ನ ಸ್ಥಾನ ಏನಾಗುತ್ತದೋ ಗೊತ್ತಿಲ್ಲ.

ಹುಬ್ಬಳ್ಳಿ ಲಾ ವಿದ್ಯಾರ್ಥಿನಿ:

ಅಕ್ಕಾ, ನಿಮ್ಮ ಬರಹವನ್ನು ನಮ್ಮ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನನಗೆ ಕಾಲೇಜಿನ ವಿಷಯ ಕಾಡುತ್ತದೆ. ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತು ಮೂವತ್ತು ವರ್ಷ ಮೇಲಾಯಿತು. ತರಗತಿ ಪ್ರತಿನಿಧಿಯನ್ನು ಅಂಕ ನೋಡಿ ಆರಿಸುತ್ತಾರೆ. ಕೇರಳದಲ್ಲಿ, ದೆಹಲಿಯಲ್ಲಿ ನಮ್ಮ ವಯಸ್ಸಿನವರು ಓಟು ಕೇಳಿ, ಸೋತು, ಗೆದ್ದು ಕಲಿಯುತ್ತಾರೆ. ನಮಗೆ ಆ ಅವಕಾಶವೇ ಇಲ್ಲ. ಕಾಲೇಜು ಚುನಾವಣೆ ಹೇಗೆ ನಡೆಸಬೇಕು ಅಂತ ಲಿಂಗ್ಡೋ ಸಮಿತಿ 2006ರಲ್ಲೇ ನಿಯಮ ಕೊಟ್ಟಿದೆ. ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಹಾಜರಾತಿ ಇರಬೇಕು, ವಯಸ್ಸಿನ ಮಿತಿ ಇರಬೇಕು ಅಂತೆಲ್ಲ. ಆ ನಿಯಮ ಇಟ್ಟುಕೊಂಡು ನಡೆಸಬಹುದು ಅಲ್ವಾ?

ಇನ್ನೊಂದು ಮಾತು. 2024ರ ಲೋಕಸಭೆಯಲ್ಲಿ ನಮ್ಮ ರಾಜ್ಯದಿಂದ ಇಬ್ಬರು ತುಂಬಾ ಚಿಕ್ಕವರು ಗೆದ್ದರು. ಬೀದರ್‌ನಿಂದ 26ರ ಸಾಗರ್ ಖಂಡ್ರೆ, ಚಿಕ್ಕೋಡಿಯಿಂದ 27ರ ಪ್ರಿಯಾಂಕಾ ಜಾರಕಿಹೊಳಿ. ಇಬ್ಬರ ತಂದೆಯೂ ರಾಜ್ಯದಲ್ಲಿ ಮಂತ್ರಿಗಳು. ಅವರ ಶ್ರಮದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ನನ್ನಪ್ಪ ಕೆಎಸ್‌ಆರ್‌ಟಿಸಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನನ್ನಂಥವರು 26ಕ್ಕೆ ಅಲ್ಲಿಗೆ ಹೋಗುವುದು ಹೇಗೆ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ಮಗಳೇ, ಬೇಗ ಹೋಗುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಮನೆತನದ ಬಲ ಇಲ್ಲದೆ ಹೋದವರು ಹೇಗೆ ಹೋದರು ಅನ್ನುವುದನ್ನು ಹೇಳಬಲ್ಲೆ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ. ಓದುವ ವಯಸ್ಸಿನಲ್ಲೇ 1942ರ ಚಳವಳಿಗೆ ಇಳಿದು ಜೈಲಿಗೆ ಹೋದವರು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಸಮಾಜವಾದಿಗಳ ಜೊತೆ ಅದರ ಒಳಗೆ ನಿಂತರು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ. ಒಂದು ಓಟು ಕೊಡಿ, ಜೊತೆಗೆ ಒಂದು ನೋಟು ಕೊಡಿ ಅಂತ ಜನರನ್ನೇ ಕೇಳಿದರು. ಜನ ಕೊಟ್ಟರು. ಹಿನ್ನೀರಿನ ಹುಡುಗನೇ, ಇದು ನಿನ್ನ ತಾಲ್ಲೂಕಿನ ಕಥೆ.

ಮಲ್ಲಿಕಾರ್ಜುನ ಖರ್ಗೆಯವರು ಗುಲ್ಬರ್ಗದ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದರು. ಆಮೇಲೆ ಕಾನೂನು ಓದಿದರು. ಎಂಎಸ್‌ಕೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರರಾದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು. ಸಿದ್ದರಾಮಯ್ಯನವರೂ ವಕೀಲರು. 1978ರಲ್ಲಿ ತಾಲ್ಲೂಕು ಬೋರ್ಡ್ ಸದಸ್ಯರು, 1983ರಲ್ಲಿ ಶಾಸಕರು. ಡಿ.ಕೆ. ಶಿವಕುಮಾರ್ ವಿದ್ಯಾರ್ಥಿ ಸಂಘಟನೆಯಿಂದ ಬಂದವರು. 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ಎದುರು ನಿಂತು ಸೋತರು. ಅದೇ ಕ್ಷೇತ್ರದಲ್ಲಿ 1989ರಲ್ಲಿ ಗೆದ್ದರು.

ಇವರ ಪಕ್ಷ, ನಿಲುವು ನಿಮಗೆ ಹಿಡಿಸಲಿ ಬಿಡಲಿ. ಶಾಸಕರಾಗುವ ಮೊದಲು ಅವರು ಎಲ್ಲಿದ್ದರು ಅನ್ನುವುದನ್ನು ನೋಡಿ. ಗೇಣಿದಾರರ ಜೊತೆ, ಮಿಲ್ಲಿನ ಗೇಟಿನಲ್ಲಿ, ತಾಲ್ಲೂಕು ಬೋರ್ಡಿನಲ್ಲಿ. ಬೇರೆಯವರ ಕಷ್ಟವನ್ನು ವರ್ಷಗಟ್ಟಲೆ ಹೊತ್ತ ಮೇಲೆ ಓಟು ಕೇಳಲು ಹೋದರು.

ಕಾಲೇಜು ಚುನಾವಣೆಯ ಬಗ್ಗೆ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಎಂಬತ್ತರ ದಶಕದಲ್ಲಿ ನಾನು ಹೊಸ ಮೇಷ್ಟ್ರು. ಚುನಾವಣೆಯ ವಾರದಲ್ಲಿ ಹೊರಗಿನ ಜನ ಕಾಲೇಜಿನೊಳಗೆ ಬರುತ್ತಿದ್ದರು. ನನ್ನ ತರಗತಿಯ ಒಬ್ಬ ಹುಡುಗ ಹೊಡೆತ ತಿಂದು ಒಂದು ವರ್ಷ ಕಳೆದುಕೊಂಡ. ಅವನ ತಾಯಿ ಸ್ಟಾಫ್ ರೂಮಿಗೆ ಬಂದು ಅತ್ತದ್ದು ನೆನಪಿದೆ. ಅದೇ ಹೊತ್ತಿನಲ್ಲಿ, ಆಗ ವೇದಿಕೆಯಲ್ಲಿ ತೊದಲುತ್ತಿದ್ದ ಹುಡುಗಿಯೊಬ್ಬಳು ಸಂಘದ ಕಾರ್ಯದರ್ಶಿಯಾಗಿ, ಪ್ರಿನ್ಸಿಪಾಲರ ಎದುರು ಕೂತು ಹಾಸ್ಟೆಲ್ ನೀರಿನ ಸಮಸ್ಯೆ ಬಗೆಹರಿಸಿದ್ದನ್ನೂ ಕಂಡಿದ್ದೇನೆ. ಲಿಂಗ್ಡೋ ನಿಯಮಗಳನ್ನು ನಿಜವಾಗಿ ಪಾಲಿಸುವುದಾದರೆ ನಾನು ನಿನ್ನ ಕಡೆ.

2023ರ ಪಕ್ಷೇತರ:

ದುಡ್ಡಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. 26ನೇ ವಯಸ್ಸಿನಲ್ಲಿ, ಇಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷಕ್ಕೆ, ವಿಧಾನಸಭೆಗೆ ಪಕ್ಷೇತರನಾಗಿ ನಿಂತೆ. ಬಂದ ಓಟು 614. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆ. ನನ್ನದೂ ಹೋಯಿತು.

ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಜನ ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬರು ಸಾಕು. ಚುನಾವಣೆ ಖರ್ಚಿಗೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಪ್ರಚಾರದ ನಡುವೆ ಲೆಕ್ಕದ ಪುಸ್ತಕ ತಪಾಸಣೆಗೆ ಕೊಡಬೇಕು. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಸಲ್ಲಿಸಬೇಕು. ಸೋತವರೂ ಸಲ್ಲಿಸಬೇಕು! ಬಿಟ್ಟರೆ ಮೂರು ವರ್ಷ ಸ್ಪರ್ಧೆಗೆ ಅನರ್ಹ ಮಾಡಬಹುದು. ನನ್ನ ಜೊತೆ ನಿಂತಿದ್ದ ಇನ್ನೊಬ್ಬ ಯುವಕನಿಗೆ ಇದು ಗೊತ್ತೇ ಇರಲಿಲ್ಲ.

ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ನನ್ನ ಒಟ್ಟು ಖರ್ಚು ಒಂದು ಲಕ್ಷದ ಎಂಬತ್ತು ಸಾವಿರ. ಅದು ನನ್ನ ನಾಲ್ಕು ವರ್ಷದ ಉಳಿತಾಯ. ತಂಗಿಯ ಓದಿಗೆ ಇಟ್ಟಿದ್ದ ದುಡ್ಡಿನಲ್ಲೂ ಸ್ವಲ್ಪ ತೆಗೆದೆ. ಅದನ್ನು ಯೋಚಿಸಿದರೆ ಇವತ್ತಿಗೂ ಎದೆ ಹಿಂಡುತ್ತದೆ. ಅವಳು ಒಂದು ಮಾತೂ ಆಡಲಿಲ್ಲ.

ನನ್ನ ತಪ್ಪು ಇದು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಶನಿವಾರ ಭಾನುವಾರ ಊರಿಗೆ ಬರುತ್ತಿದ್ದೆ. ಮೊಬೈಲಿನಲ್ಲಿ ನನ್ನ ವಿಡಿಯೊ ಸಾವಿರಾರು ಜನ ನೋಡುತ್ತಿದ್ದರು. ಅವರೆಲ್ಲ ನನ್ನ ಕ್ಷೇತ್ರದ ಮತದಾರರು ಅಂದುಕೊಂಡೆ. ಮನೆಮನೆಗೆ ಹೋದಾಗ ಒಬ್ಬ ಅಜ್ಜಿ "ನೀನು ಯಾರ ಮಗನಪ್ಪ?" ಅಂತ ಕೇಳಿದರು. ಅಪ್ಪನ ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು. ನನ್ನ ಕೆಲಸದಿಂದ ನನ್ನನ್ನು ಗುರುತಿಸಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಈಗ ಊರಿಗೆ ಹತ್ತಿರದ ಪಟ್ಟಣದಲ್ಲಿ ಕೆಲಸ ಹಿಡಿದಿದ್ದೇನೆ. ರೈತರ ಬೆಳೆ ವಿಮೆ ಅರ್ಜಿ ಹಾಕಿಸಿಕೊಡುತ್ತೇನೆ. ತಂಗಿಯ ದುಡ್ಡು ವಾಪಸ್ ಇಟ್ಟೆ. ತಮ್ಮಾ, ಬ್ಯಾಂಕ್ ಪರೀಕ್ಷೆ ಬೇಡ ಅನ್ನಿಸಿದರೆ ಬೇಡ, ಆದರೆ ತಿಂಗಳಿಗೆ ಇಷ್ಟು ಅಂತ ಬರುವ ಒಂದು ದುಡಿಮೆ ಇಟ್ಟುಕೊಂಡೇ ಇದಕ್ಕೆ ಇಳಿ. ಜೇಬಿನಲ್ಲಿ ಬಸ್ ಚಾರ್ಜ್ ಇಲ್ಲದವನನ್ನು ಯಾರು ಬೇಕಾದರೂ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಆಮೇಲೆ ಆ ಕಾರಿನಿಂದ ಇಳಿಯುವುದು ಕಷ್ಟ.

ಒಬ್ಬ ತಂದೆ, ತುಮಕೂರು:

ನಾನು ಇಲ್ಲಿ ಬರೆಯುವವನಲ್ಲ. ನನ್ನ ಮಗನೂ ಇದೇ ಹುಚ್ಚು ಹಿಡಿಸಿಕೊಂಡಿದ್ದಾನೆ, ಅದಕ್ಕೆ ಓದುತ್ತಾ ಬಂದೆ. ಹೋದ ವರ್ಷ ಒಂದು ಪ್ರತಿಭಟನೆಗೆ ಹೋಗಿ ಅವನ ಮೇಲೆ ಕೇಸ್ ಆಯಿತು. ಇನ್ನೂ ತಿರುಗುತ್ತಿದ್ದೇವೆ. ಕರೆದುಕೊಂಡು ಹೋದ ನಾಯಕರು ಒಂದು ದಿನವೂ ಕೋರ್ಟ್ ಹತ್ತಿರ ಬರಲಿಲ್ಲ. ಮಕ್ಕಳಿಗೆ ಆಸೆ ತುಂಬುವ ಮೊದಲು ಇದನ್ನೂ ಹೇಳಿ.

ಹುಬ್ಬಳ್ಳಿ ಲಾ ವಿದ್ಯಾರ್ಥಿನಿ:

ಸರ್, ನೀವು ಬರೆದದ್ದು ಒಳ್ಳೆಯದಾಯಿತು. ಚುನಾವಣೆಗೆ ನಿಲ್ಲುವವರು ತಮ್ಮ ಮೇಲಿನ ಬಾಕಿ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಬರೆಯಬೇಕು. ಪಾಸ್‌ಪೋರ್ಟ್, ಸರ್ಕಾರಿ ನೌಕರಿಯ ಪರಿಶೀಲನೆಯಲ್ಲೂ ಅದು ಮುಂದೆ ಬರುತ್ತದೆ. ಪ್ರತಿಭಟನೆಗೆ ಹೋಗುವ ಮೊದಲು ಅನುಮತಿ ಇದೆಯಾ, ಅನುಮತಿ ಯಾರ ಹೆಸರಿನಲ್ಲಿದೆ ಅಂತ ಕೇಳುವುದು ಹೇಡಿತನ ಅಲ್ಲ. ನಿಮ್ಮ ಮಗನ ಕೇಸಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಆದಾಯದ ಮಿತಿಯೊಳಗೆ ಇದ್ದರೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಹಿಂದೆ ಶಾಸಕರ ಪಿಎ:

ಶಾಸಕರ ಜೊತೆ ಓಡಾಡಬೇಕಾ ಅಂತ ಕೇಳಿದ್ದೀರಿ. ಓಡಾಡುವುದು ಬೇರೆ, ಕಚೇರಿಯಲ್ಲಿ ಕೂತು ಕೆಲಸ ಮಾಡುವುದು ಬೇರೆ.

ನಾನು ಮೂರು ವರ್ಷ ಮಾಡಿದೆ. ಬೆಳಗ್ಗೆ ಆರಕ್ಕೆ ಮನೆ ಮುಂದೆ ಜನ. ವರ್ಗಾವಣೆ, ಆಸ್ಪತ್ರೆ ಬಿಲ್ಲು, ಕಾಲೇಜು ಸೀಟು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು, ಗಂಡ ಹೆಂಡಿರ ಜಗಳ. ಶಾಸನ ಮಾಡಲಿ ಅಂತ ಆರಿಸಿ ಕಳಿಸಿದವರ ದಿನ ಹೀಗೆ ಹೋಗುತ್ತದೆ. ನಾನು ಅಲ್ಲಿ ಕಲಿತ ದೊಡ್ಡ ವಿದ್ಯೆ, ಒಂದು ಪತ್ರ ಯಾವ ಇಲಾಖೆಯ ಯಾವ ಮೇಜಿಗೆ ಹೋಗಬೇಕು ಅನ್ನುವುದು. ಕೊನೆಯ ಆರು ತಿಂಗಳು ಸಂಬಳ ಕೈಗೆ ಬರಲಿಲ್ಲ. ಕೇಳಿದರೆ ಮುಂದೆ ಏನಾದರೂ ಮಾಡಿಕೊಡೋಣ ಅಂದರು. ಹೊರಗೆ ಬಂದೆ. ಸೇರುವ ಮೊದಲು ಸಂಬಳ ಎಷ್ಟು, ಯಾರು ಕೊಡುತ್ತಾರೆ ಅಂತ ಬಾಯಿಬಿಟ್ಟು ಕೇಳಿ.

ಪದವಿ ಆದವರಿಗೆ ಇನ್ನೊಂದು ದಾರಿ ಇದೆ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ 2010ರಿಂದ ಲ್ಯಾಂಪ್ ಅನ್ನುವ ಫೆಲೋಶಿಪ್ ನಡೆಸುತ್ತಿದೆ. ಒಬ್ಬ ಸಂಸದರ ಜೊತೆ ಮಳೆಗಾಲದ ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಕೆಲಸ. ಯಾವ ಪದವಿ ಆದರೂ ನಡೆಯುತ್ತದೆ, ವಯಸ್ಸು 25 ಮೀರಿರಬಾರದು. ಕಾನೂನು ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಬಹುದು. ಓಟು ಗೆಲ್ಲುವುದನ್ನು ಅದು ಕಲಿಸುವುದಿಲ್ಲ.

ಪದವೀಧರರಿಗೆ ಇನ್ನೊಂದು ವಿಷಯ. ವಿಧಾನ ಪರಿಷತ್ತಿನ 75 ಸ್ಥಾನದಲ್ಲಿ ಏಳು ಪದವೀಧರ ಕ್ಷೇತ್ರಗಳು, ಅಲ್ಲಿ ಓಟು ಹಾಕುವವರು ಪದವೀಧರರೇ. ಡಿಗ್ರಿ ಮುಗಿದು ಮೂರು ವರ್ಷ ಆದವರು ಫಾರಂ 18 ತುಂಬಿ ಹೆಸರು ಸೇರಿಸಬೇಕು. ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ಹಿಂದೆ ಇದ್ದವರೂ ಮತ್ತೆ ಅರ್ಜಿ ಹಾಕಬೇಕು. ಓದಿದವರೇ ಇದನ್ನು ಮರೆಯುತ್ತಾರೆ.

ಈಗ ಹಿನ್ನೀರಿನ ಹುಡುಗನ ಟ್ರಂಕಿಗೆ ಬರುತ್ತೇನೆ. ತಮ್ಮಾ, ನಿನ್ನ ಅಜ್ಜನ ಸಮಸ್ಯೆ ಒಂದೇ ಮನೆಯಲ್ಲಿ ಬಗೆಹರಿಯುವುದಲ್ಲ. ಕಾಡಿನಲ್ಲಿ ಬಾಳುವವರಿಗೆ ಜಾಗದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. ನಿಮ್ಮವರನ್ನು ಅಲ್ಲಿಗೆ ತಂದದ್ದೇ ಅರವತ್ತರ ದಶಕದಲ್ಲಿ! ಅಣೆಕಟ್ಟೆ ಕಟ್ಟಿ ಎಬ್ಬಿಸಿದವರನ್ನೇ 75 ವರ್ಷದ ದಾಖಲೆ ಕೇಳಿದರೆ ಎಲ್ಲಿಂದ ತರುವುದು? ಈ ಷರತ್ತು ಬದಲಾಗಬೇಕಾದರೆ ಅದು ಸಂಸತ್ತಿನ ಕೆಲಸ. ಮುಳುಗಡೆಯವರಿಗೆ ಅಂತಲೇ ಕೊಟ್ಟ ಜಾಗದ ದಾಖಲೆ ಸರಿಮಾಡಿಸಲು ರಾಜ್ಯ ಸರ್ಕಾರದ ಹಿಂದೆ ಬೀಳಬೇಕು. ನಿಮ್ಮ ಶಾಸಕರಿಗೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ, ಬರೆದುಕೊಡು. ಚೆನ್ನಾಗಿ ಬರೆದ ಪ್ರಶ್ನೆಯನ್ನು ಯಾವ ಶಾಸಕರೂ ಬೇಡ ಅನ್ನುವುದಿಲ್ಲ, ನಾನೇ ನೋಡಿದ್ದೇನೆ. ಆದರೆ ಹಕ್ಕಿನ ಅರ್ಜಿ ಹೊರಡುವುದು ಊರಿನ ಅರಣ್ಯ ಹಕ್ಕು ಸಮಿತಿಯಿಂದ. ಅದನ್ನು ಆರಿಸುವುದು ಗ್ರಾಮ ಸಭೆ. ಅಲ್ಲಿಂದ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ನಿಮ್ಮೂರಿನ ಸಮಿತಿ ಇವತ್ತು ಬದುಕಿದೆಯಾ ಅಂತ ಮೊದಲು ನೋಡು.

ಬೆಂಗಳೂರು ನಿವಾಸಿ:

ನಗರದಲ್ಲಿರುವ ನಮ್ಮಂಥವರಿಗೆ ಈ ಬಾಗಿಲೂ ಮುಚ್ಚಿತ್ತು. 2015ರಲ್ಲಿ ಆರಿಸಿದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳದ್ದೂ ಅದೇ ಕಥೆ, 2021ರಲ್ಲಿ ಅವಧಿ ಮುಗಿದು ಹಾಗೇ ಉಳಿಯಿತು. ಯುವಕರು ರಾಜಕೀಯಕ್ಕೆ ಬರಲಿ ಅಂತ ಎಲ್ಲ ಪಕ್ಷದವರೂ ಭಾಷಣ ಮಾಡುತ್ತಾರೆ. ಏಣಿಯ ನಡುವಿನ ಮೆಟ್ಟಿಲು ತೆಗೆದಿಟ್ಟು ಮೇಲೆ ಹತ್ತಿ ಬನ್ನಿ ಅಂದರೆ ಹೇಗೆ? ನನಗೆ ಇದು ನಿಜಕ್ಕೂ ಸಿಟ್ಟು ತರಿಸುತ್ತದೆ.

ಹಿನ್ನೀರಿನ ಹುಡುಗ:

ಮೂರು ವಾರ ಆಯಿತು, ಬರೆಯಲಿಲ್ಲ. ಕ್ಷಮಿಸಿ.

ನಮ್ಮ ಪಂಚಾಯಿತಿಯ ಜಮಾಬಂದಿಗೆ ಹೋಗಿದ್ದೆ. ಮೊದಲು ಕೈ ನಡುಗಿತು. ಕರವಸೂಲಿ ಬಾಕಿಯ ಲೆಕ್ಕ ಕೇಳಿದೆ, ತೋರಿಸಿದರು. ಎರಡು ಕಡೆ ಕೂಡಿಸಿದ್ದು ತಪ್ಪಿತ್ತು. ಹೇಳಿದೆ. ಬಿಲ್ ಕಲೆಕ್ಟರ್ ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ, ಮಾರನೇ ದಿನ ಬಂದು ಲೆಡ್ಜರ್ ಬರೆಯಲು ಸಹಾಯ ಮಾಡುತ್ತೀಯಾ ಅಂತ ಕೇಳಿದರು. ಹೋದೆ.

ಆಮೇಲೆ ಅರಣ್ಯ ಹಕ್ಕು ಸಮಿತಿಯ ಕಡತ ಕೇಳಿದೆ. ಹುಡುಕಲು ಎರಡು ದಿನ ಹಿಡಿಯಿತು. ಪಟ್ಟಿಯಲ್ಲಿ ಹನ್ನೆರಡು ಹೆಸರು. ಅದರಲ್ಲಿ ಮೂವರು ತೀರಿಕೊಂಡಿದ್ದಾರೆ. ಇಬ್ಬರು ಊರು ಬಿಟ್ಟಿದ್ದಾರೆ. ಆ ಮೂವರಲ್ಲಿ ಒಬ್ಬರು ನಮ್ಮ ಅಜ್ಜ. ಅವರು ಸಮಿತಿಯಲ್ಲಿದ್ದರು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಡಾವಳಿಯಲ್ಲಿ ಅವರ ಸಹಿ ಇದೆ. ಕೊನೆಯ ಸಭೆ ನಡೆದು ಒಂಬತ್ತು ವರ್ಷ ಆಗಿದೆ.

ಖಾಲಿ ಸ್ಥಾನ ತುಂಬಲು ಗ್ರಾಮ ಸಭೆ ಕರೆಯಿರಿ ಅಂತ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಅಪ್ಪನಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಟ್ರಂಕು ತೆಗೆದು ಅದರೊಳಗೆ ಇಟ್ಟರು. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸವೂ ಸಿಕ್ಕಿದೆ, ಮುಂದಿನ ತಿಂಗಳಿಂದ. ಅಕ್ಕಾ, ಈಗ ಮುಂದೆ ಏನು ಮಾಡಲಿ?

ಪಂಚಾಯಿತಿ ಸದಸ್ಯೆ, ಹಾಸನ ಕಡೆ:

ಅಜ್ಜನ ಸಹಿ ಇರುವ ಆ ಪುಟದ ನಕಲು ತೆಗೆದುಕೊಂಡು ಬಾ ತಮ್ಮಾ, ಮನೆಯಲ್ಲಿ ಇರಲಿ.

ಈಗ ಎರಡು ಕೆಲಸ. ಸಭೆಯ ನೋಟಿಸ್ ಬಂದಾಗ ಅದರಲ್ಲಿ ಈ ವಿಷಯ ಬರೆದಿದ್ದಾರಾ ನೋಡು. ಇಲ್ಲದಿದ್ದರೆ ಅವತ್ತೇ ಹೋಗಿ ಸೇರಿಸು. ಎರಡನೆಯದು ಕೋರಂ. ಅರಣ್ಯ ಹಕ್ಕಿನ ಗ್ರಾಮ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಸೇರಬೇಕು. ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರು ಇರಬೇಕು. ಜನ ಸಾಲದೆ ಸಭೆ ಮುಂದಕ್ಕೆ ಹೋದರೆ ಮತ್ತೆ ಎಷ್ಟು ತಿಂಗಳೋ. ಅದಕ್ಕೆ ಗಂಡಸರಿಗೆ ಹೇಳಿ ಬಂದರೆ ಸಾಲದು, ಅಡುಗೆಮನೆ ಬಾಗಿಲಿಗೂ ಹೋಗಿ ಕರೆಯಬೇಕು. ಹೊತ್ತು ಯಾವುದು ಅನುಕೂಲ ಅಂತ ಅವರನ್ನೇ ಕೇಳು. ಅಡಿಕೆ ಸುಲಿಯುವ ದಿನ ಇಟ್ಟರೆ ಯಾರೂ ಬರುವುದಿಲ್ಲ.

ನಿಮ್ಮೂರಿನಲ್ಲಿ ಹದಿನೆಂಟು ದಾಟಿದವರು ಎಷ್ಟು ಜನ?

ಹಿನ್ನೀರಿನ ಹುಡುಗ:

212 ಅಕ್ಕಾ. ಅಂದರೆ 106 ಜನ ಬೇಕು. ನಿನ್ನೆ ಸಂಜೆ ಅಮ್ಮನನ್ನು ಕರ್ಕೊಂಡು ಹೊರಟೆ. ಹನ್ನೊಂದು ಮನೆ ಆಯಿತು. ಇವತ್ತು ಹೊಳೆಯಾಚೆ ಮನೆಗಳಿಗೆ ಹೋಗಬೇಕು, ಮಳೆ ಬಿಟ್ಟಿದೆ.